ಹುಬ್ಬಳ್ಳಿ-ಧಾರವಾಡದಲ್ಲಿ ಬೋರ್ಡ್ ಗೇಮ್ ಮತ್ತು ಪುಟ್ಟ ಸೈನಿಕರ ಯುದ್ಧದಾಟ: ತಿಂಗಳಿಗೊಮ್ಮೆ ಸೇರೋಣವೇ?

ಸಪ್ತಾಪುರ ದಾಳ

ಎಲ್ಲರಿಗೂ ನಮಸ್ಕಾರ. ನಮ್ಮ ಅವಳಿ ನಗರದಲ್ಲಿ ಬೋರ್ಡ್ ಗೇಮ್ ಆಡುವವರು ಈಗ ಅಲ್ಲೊಬ್ಬರು ಇಲ್ಲೊಬ್ಬರು ಇದ್ದಾರೆ. ಹಾಸ್ಟೆಲ್ ಹುಡುಗರ ಹತ್ತಿರ ಕಟಾನ್ ಇರುತ್ತದೆ, ಯಾರದೋ ಮನೆಯ ಕಪಾಟಿನಲ್ಲಿ ಕಾರ್ಕಸೋನ್ ಇರುತ್ತದೆ. ಆದರೆ ಒಬ್ಬರ ಸುದ್ದಿ ಇನ್ನೊಬ್ಬರಿಗೆ ಗೊತ್ತಾಗುವುದಿಲ್ಲ. ಆಡಲು ಜನ ಸಿಗದೆ ಡಬ್ಬಿಗಳು ಧೂಳು ತಿನ್ನುತ್ತಿವೆ. ಹಾಗಾಗಿ ತಿಂಗಳಿಗೊಂದು ಭಾನುವಾರ, ಒಂದು ತಿಂಗಳು ಧಾರವಾಡ, ಮುಂದಿನ ತಿಂಗಳು ಹುಬ್ಬಳ್ಳಿ ಅಂತ ಸೇರೋಣ ಅನ್ನುವುದು ನನ್ನ ಪ್ರಸ್ತಾಪ.

ಒಂದು ಮೇಜಿನ ಮೇಲೆ ಮಾಮೂಲಿ ಬೋರ್ಡ್ ಗೇಮ್ ಇರಲಿ. ಇನ್ನೊಂದು ಮೇಜಿನ ಮೇಲೆ ಐತಿಹಾಸಿಕ ಯುದ್ಧದಾಟ ಶುರು ಮಾಡಬೇಕು ಅಂತ ನನಗೆ ಬಹಳ ಆಸೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಬೆರಳಿಗಿಂತ ಸಣ್ಣ ಸೈನಿಕರಿಗೆ ಬಣ್ಣ ಹಚ್ಚಿ, ಮೇಜಿನ ಮೇಲೆ ಗುಡ್ಡ, ಹಳ್ಳ, ಹೊಲ ಮಾಡಿ, ಅಳತೆಪಟ್ಟಿ ಮತ್ತು ದಾಳ ಹಿಡಿದು ಹಳೆಯ ಯುದ್ಧವೊಂದನ್ನು ಮತ್ತೆ ಆಡುವುದು. ಹೊರದೇಶಗಳಲ್ಲಿ ಇದಕ್ಕೆ ದೊಡ್ಡ ಕ್ಲಬ್ಬುಗಳೇ ಇವೆ. ಅವರು ವಾಟರ್‌ಲೂ ಆಡುತ್ತಾರೆ, ರೋಮನ್ನರನ್ನು ಆಡುತ್ತಾರೆ. ನಾವು ಯಾಕೆ ಅದನ್ನೇ ಆಡಬೇಕು? ಗದಗ ತಾಲ್ಲೂಕಿನ ಸೊರಟೂರಿನಲ್ಲಿ ಹೊಯ್ಸಳರು ಮತ್ತು ಸೇವುಣರು ಕಾದಾಡಿದ್ದಾರೆ. ಧಾರವಾಡದ ಕೋಟೆಗೆ ತಿಂಗಳುಗಟ್ಟಲೆ ಮುತ್ತಿಗೆ ಬಿದ್ದಿದೆ. ಇವುಗಳನ್ನು ನಾವು ಆಡದಿದ್ದರೆ ಇನ್ಯಾರು ಆಡುತ್ತಾರೆ?

ನಿಯಮಕ್ಕೆ ಡಿಬಿಎ (ಡಿ ಬೆಲ್ಲಿಸ್ ಆಂಟಿಕ್ವಿಟಾಟಿಸ್) ಸಾಕು. 1990ರಲ್ಲಿ ಬ್ರಿಟನ್ನಿನಲ್ಲಿ ಬಂದ ಪುಟ್ಟ ನಿಯಮಾವಳಿ ಅದು. ಒಂದೊಂದು ಕಡೆ 12 ತುಕಡಿ, ಅಷ್ಟೇ. 15 ಎಂಎಂ ಎತ್ತರದ ಸೈನಿಕರಾದರೆ ಎರಡಡಿ ಚೌಕದ ಹಲಗೆಯಲ್ಲಿ ಇಡೀ ಯುದ್ಧ ಹಿಡಿಯುತ್ತದೆ. ಒಂದು ಗಂಟೆಯಲ್ಲಿ ಮುಗಿಯುತ್ತದೆ. ಯಾರಿಗೆ ಆಸಕ್ತಿ ಇದೆ, ಹೇಳಿ.

ಚಿಗರಿ ಪ್ರಯಾಣಿಕ

ನಾನು ಬರುತ್ತೇನೆ ಸರ್. ಉಣಕಲ್ಲಿನಿಂದ ಚಿಗರಿ ಬಸ್ ಹತ್ತಿದರೆ ಧಾರವಾಡ ದೂರವೇನಲ್ಲ.

ಮೊದಲು ಜಾಗದ ವಿಷಯ ಮಾತಾಡೋಣ. ನಾವು ಕೆಲವು ಗೆಳೆಯರು ಒಂದು ಕೆಫೆಯಲ್ಲಿ ಸೇರಿ ಆಡುತ್ತಿದ್ದೆವು. ಚಹಾ, ತಿಂಡಿ ಎಲ್ಲ ತೊಗೊಂಡರೂ, ಜನ ಬರುವ ಹೊತ್ತಿಗೆ ಎದ್ದೇಳಿ ಅಂತ ಹೇಳಿಬಿಟ್ಟರು. ಅರ್ಧ ಆಟದಲ್ಲಿ ಎಲ್ಲ ಕಟ್ಟಿಕೊಂಡು ಹೊರಗೆ ಬಂದೆವು. ಅವರ ವ್ಯಾಪಾರ ಅವರಿಗೆ, ಅದು ಸರಿ. ಆದರೆ ಕೂಟ ನಿಲ್ಲಬೇಕು ಅಂದರೆ ನಡುವೆ ಯಾರೂ ಎಬ್ಬಿಸದ ಜಾಗ ಬೇಕು. ಕುರ್ಚಿ, ಟ್ಯೂಬ್‌ಲೈಟು, ಕುಡಿಯುವ ನೀರು, ಶೌಚಾಲಯ ಇರಬೇಕು. ಹೆಣ್ಣುಮಕ್ಕಳು, ಸಣ್ಣ ಮಕ್ಕಳು ಬರಬೇಕಾದರೆ ಕೊನೆಯದಂತೂ ಮುಖ್ಯ.

ಇನ್ನೊಂದು ಪ್ರಶ್ನೆ. ಆ ಸೈನಿಕರು ದುಬಾರಿ ಅಲ್ವಾ? ಹೊರಗಿನಿಂದ ತರಿಸಿದರೆ ಸಾಗಣೆ, ಕಸ್ಟಮ್ಸ್ ಎಲ್ಲ ಸೇರಿ ಬೆಲೆ ಎಲ್ಲೋ ಹೋಗಿ ಮುಟ್ಟುತ್ತದೆ.

ಬೆಟಗೇರಿ ಬಣ್ಣ

ದುಬಾರಿ ಆಗಲೇಬೇಕು ಅಂತೇನಿಲ್ಲ ಅಣ್ಣಾ. ಮೊದಲ ಸೈನ್ಯವನ್ನು ಕಾಗದದಲ್ಲೇ ಮಾಡಿ. ಚಿತ್ರ ಬಿಡಿಸಿ, ದಪ್ಪ ಕಾರ್ಡಿನ ಮೇಲೆ ಕಲರ್ ಪ್ರಿಂಟ್ ತೆಗೆಸಿ, ಮಧ್ಯಕ್ಕೆ ಮಡಚಿ ಅಂಟಿಸಿ, ಕತ್ತರಿಸಿ ನಿಲ್ಲಿಸಿದರೆ ಆಯಿತು. ನಮ್ಮ ಗದಗ-ಬೆಟಗೇರಿಯಲ್ಲಿ ಪ್ರಿಂಟಿಂಗ್ ಪ್ರೆಸ್ಸಿಗೆ ಏನು ಬರವೇ? ಸೈನಿಕರನ್ನು ನಿಲ್ಲಿಸುವ ಬೇಸ್‌ಗೆ, ಅಂದರೆ ಅಡಿಯ ತುಂಡಿಗೆ, 3 ಎಂಎಂ ಎಂಡಿಎಫ್ ಹಲಗೆ ಸಾಕು. ನಾಮಫಲಕ ಮಾಡುವ ಅಂಗಡಿಗಳಲ್ಲಿ ಲೇಸರ್ ಮಷಿನ್ ಇರುತ್ತದೆ, ಅಳತೆ ಕೊಟ್ಟರೆ ಕತ್ತರಿಸಿ ಕೊಡುತ್ತಾರೆ. ಡಿಬಿಎಗೆ ಎಲ್ಲ ಬೇಸಿನ ಅಗಲ 40 ಎಂಎಂ. ಉದ್ದ ಮಾತ್ರ ಬೇರೆ ಬೇರೆ: ಬಿಲ್ಲುಗಾರರಿಗೆ 20, ಕುದುರೆಗೆ 30, ಆನೆಗೆ 40.

ಕೈಗೆ ತೂಕ ಸಿಗಬೇಕು, ಬಣ್ಣ ಹಚ್ಚುವ ಖುಷಿ ಬೇಕು ಅನ್ನುವವರು ಆಮೇಲೆ ತ್ರೀಡಿ ಪ್ರಿಂಟ್ ಮಾಡಿಸಬಹುದು. ಒಂದು ಮಾತು ನೆನಪಿಡಿ. ಮಳೆಗಾಲದಲ್ಲಿ ಧಾರವಾಡದ ಥಂಡಿ ಗಾಳಿಯಲ್ಲಿ ಸ್ಪ್ರೇ ಪ್ರೈಮರ್ ಹೊಡೆಯಲೇಬೇಡಿ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಅದು ಪುಡಿಪುಡಿಯಾಗಿ ಕೂರುತ್ತದೆ, ಮುಖದ ಕಣ್ಣು-ಮೂಗು ಎಲ್ಲ ಮುಚ್ಚಿಹೋಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬ್ರಷ್ಷಿನಲ್ಲೇ ಪ್ರೈಮರ್ ಹಚ್ಚಿ. ತೆಳ್ಳಗೆ ಎರಡು ಕೋಟ್ ಸಾಕು. ಮ್ಯಾಟ್ ವಾರ್ನಿಷ್ ಸ್ಪ್ರೇಗೂ ಇದೇ ಮಾತು. ಬಿಳಿ ಮಂಜು ಕವಿದ ಹಾಗೆ ಆಗುತ್ತದೆ.

ಯಾವ ಸೈನಿಕ ಏನು ಹಾಕಿಕೊಂಡಿದ್ದ ಅಂತ ತಿಳಿಯುವುದಕ್ಕೆ ಇಂಟರ್‌ನೆಟ್‌ಗಿಂತ ನಮ್ಮ ವೀರಗಲ್ಲುಗಳೇ ವಾಸಿ. ಕೆಳಗಿನ ಹಂತದಲ್ಲಿ ಕಾಳಗ, ನಡುವೆ ವೀರನನ್ನು ಅಪ್ಸರೆಯರು ಕರೆದೊಯ್ಯುವುದು, ಮೇಲೆ ಶಿವಲಿಂಗದ ಸನ್ನಿಧಿ. ಆ ಕೆಳಗಿನ ಹಂತವನ್ನು ಕೂತು ನೋಡಿ. ಗುರಾಣಿ ಎಷ್ಟು ದೊಡ್ಡದು, ಕತ್ತಿಯ ತುದಿ ಹೇಗೆ, ಸೊಂಟಕ್ಕೆ ಏನು ಕಟ್ಟಿದ್ದಾನೆ, ಕೂದಲನ್ನು ಹೇಗೆ ತುರುಬು ಹಾಕಿದ್ದಾನೆ, ಎಲ್ಲ ಕಾಣುತ್ತದೆ. ಬೆಳಿಗ್ಗೆ ಅಥವಾ ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಹೋಗಬೇಕು. ನಡುಮಧ್ಯಾಹ್ನ ಏನೂ ಕಾಣುವುದಿಲ್ಲ. ಇಲ್ಲಿ ಬೆಟಗೇರಿಯಲ್ಲಿವೆ, ಹಾನಗಲ್ಲಿನ ತಾರಕೇಶ್ವರ ಗುಡಿಯಲ್ಲಿವೆ. ಧಾರವಾಡದವರು ಕರ್ನಾಟಕ ವಿಶ್ವವಿದ್ಯಾಲಯದಲ್ಲಿರುವ ಕನ್ನಡ ಸಂಶೋಧನ ಸಂಸ್ಥೆಯ ವಸ್ತುಸಂಗ್ರಹಾಲಯ ನೋಡಲಿ. 1939ರಿಂದ ಇರುವ ಸಂಸ್ಥೆ ಅದು.

ಬಣ್ಣ ಮಾತ್ರ ಕಲ್ಲು ಹೇಳುವುದಿಲ್ಲ. ಅದಕ್ಕೆ ನಮ್ಮ ಕಡೆ ನೇಯ್ದ ಬಟ್ಟೆಯ ಬಣ್ಣಗಳನ್ನೇ ನಾನು ಹಿಡಿಯುತ್ತೇನೆ: ಮಾಸಿದ ಬಿಳಿ, ಮಂಜಿಷ್ಠದ ಕೆಂಪು, ನೀಲಿ, ಅರಿಶಿನ.

ಹಾವೇರಿ ಏಲಕ್ಕಿ

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಹಾನಗಲ್ ಹೆಸರು ಬಂದದ್ದು ಖುಷಿ ಆಯಿತು. ನಮ್ಮ ಮಕ್ಕಳು ಇಸವಿ ಬಾಯಿಪಾಠ ಮಾಡುತ್ತಾರೆ, ಆದರೆ ಯುದ್ಧ ಎಲ್ಲಿ ಆಯಿತು, ಆ ನೆಲ ಹೇಗಿದೆ, ಸೈನ್ಯಕ್ಕೆ ನೀರು ಎಲ್ಲಿಂದ ಬಂತು ಅಂತ ಒಬ್ಬರೂ ಕೇಳುವುದಿಲ್ಲ. ಆಟದಲ್ಲಿ ಅದು ತಾನೇ ಬರುತ್ತದೆ ಅನ್ನಿಸುತ್ತದೆ.

ಆದರೂ ಒಂದು ಅಳುಕು. ಯುದ್ಧವನ್ನು ಆಟ ಮಾಡಿದರೆ ಮಕ್ಕಳಿಗೆ ಅದು ಹಗುರ ಅನ್ನಿಸುವುದಿಲ್ಲವೇ? ಸತ್ತವರೂ ಮನುಷ್ಯರೇ ಅಲ್ವಾ?

ಸಪ್ತಾಪುರ ದಾಳ

ಮೇಡಂ, ನಿಮ್ಮ ಪ್ರಶ್ನೆ ನ್ಯಾಯವಾದದ್ದು. ನನ್ನ ಅನುಭವ ಬೇರೆ ಥರ. ಫೋನಿನ ಗೇಮ್‌ನಲ್ಲಿ ಗುಂಡು ಹೊಡೆದರೆ ಶತ್ರು ಮಾಯವಾಗುತ್ತಾನೆ, ಹಾಗಾಗಿ ಅದು ಹಗುರ. ಇಲ್ಲಿ ನೀವೇ ವಾರಗಟ್ಟಲೆ ಕೂತು ಬಣ್ಣ ಹಚ್ಚಿದ ಬಿಲ್ಲುಗಾರರನ್ನು ನಿಮ್ಮ ಕೈಯಿಂದಲೇ ಮೇಜಿನ ಹೊರಗೆ ಇಡಬೇಕಾಗುತ್ತದೆ. ಯಾಕೆ ಸೋತರು ಅಂತ ಯೋಚನೆ ಬರುತ್ತದೆ. ದಂಡನಾಯಕನ ಆಜ್ಞೆ ಸೈನ್ಯದ ಕೊನೆಯ ಮನುಷ್ಯನಿಗೆ ಮುಟ್ಟುವುದು ಎಷ್ಟು ಕಷ್ಟ ಅಂತ ತಿಳಿಯುತ್ತದೆ.

ಡಿಬಿಎಯಲ್ಲಿ ಅದು ಹೇಗೆ ಕೆಲಸ ಮಾಡುತ್ತದೆ ನೋಡಿ. ನಿಮ್ಮ ಸರದಿ ಬಂದಾಗ ಒಂದು ದಾಳ ಉರುಳಿಸುತ್ತೀರಿ. ಬಿದ್ದ ಸಂಖ್ಯೆಯಷ್ಟೇ ನಿಮಗೆ ಆಜ್ಞೆ. ಆರು ಬಿದ್ದರೆ ಆರು, ಒಂದು ಬಿದ್ದರೆ ಒಂದೇ. ಸಾಲಾಗಿ ಒತ್ತಿ ನಿಂತ ತುಕಡಿಗಳು ಒಂದೇ ಆಜ್ಞೆಗೆ ಒಟ್ಟಿಗೆ ಮುಂದೆ ಹೋಗುತ್ತವೆ. ಆದರೆ ಕಾದಾಟ ಶುರುವಾದ ಮೇಲೆ ಸಾಲು ಒಡೆಯುತ್ತದೆ. ಒಬ್ಬ ಹಿಂದೆ ಸರಿದ, ಇನ್ನೊಬ್ಬ ಬೆನ್ನಟ್ಟಿ ಹೋದ. ಆಗ ಪ್ರತಿ ತುಕಡಿಗೂ ಬೇರೆ ಆಜ್ಞೆ ಬೇಕು. ಎಡಗಡೆ ಕುದುರೆ ದಂಡು ಸುತ್ತುವರಿಯಲ್ಪಟ್ಟಿದೆ, ಬಲಗಡೆ ಬೆಟ್ಟ ಹತ್ತಿದರೆ ಗೆಲುವು, ನಡುವೆ ಸಾಲು ಹರಿದಿದೆ, ದಾಳದಲ್ಲಿ ಒಂದು ಬಿದ್ದಿದೆ. ಏನು ಮಾಡುತ್ತೀರಿ? ಆ ಕ್ಷಣಕ್ಕೆ ಮೇಜಿನ ಸುತ್ತ ಎಲ್ಲರೂ ಸುಮ್ಮನಾಗುತ್ತಾರೆ. ಅದನ್ನು ಮಕ್ಕಳು ಒಮ್ಮೆ ಅನುಭವಿಸಲಿ.

ಇನ್ನು ಸೊರಟೂರು. 1190ರ ಸುಮಾರಿಗೆ ಹೊಯ್ಸಳ ವೀರಬಲ್ಲಾಳ ಮತ್ತು ಸೇವುಣರ ಭಿಲ್ಲಮ ಇಲ್ಲಿ ಎದುರಾದರು. ಕಲ್ಯಾಣದ ಚಾಲುಕ್ಯರ ಆಳ್ವಿಕೆ ಕುಸಿದು, ಅವರ ನಾಡು ಯಾರಿಗೆ ಅನ್ನುವ ಜಗಳ. ಗೆದ್ದವನು ಬಲ್ಲಾಳ. ಲಕ್ಕುಂಡಿ ಅವನ ನೆಲೆವೀಡಾಯಿತು. ಗದಗಿನ ತ್ರಿಕೂಟೇಶ್ವರ ಗುಡಿಯಲ್ಲಿ ಅವನ 1192ರ ಶಾಸನ ಇದೆ. ಭಿಲ್ಲಮನ ಕಡೆ 2 ಲಕ್ಷ ಕಾಲಾಳು, 12 ಸಾವಿರ ಕುದುರೆ ಇತ್ತು ಅಂತ ಅಣ್ಣಿಗೇರಿಯ ಶಾಸನವೊಂದು ಹೇಳುತ್ತದೆ. ಗೆದ್ದವರ ಶಾಸನದಲ್ಲಿ ಸೋತವರ ಸೈನ್ಯ ದೊಡ್ಡದಾಗಿಯೇ ಇರುತ್ತದೆ, ಅದನ್ನು ಹಾಗೇ ನಂಬಬೇಕಿಲ್ಲ. ಆದರೆ ಕಾಲಾಳು ಬಹಳ, ಕುದುರೆ ಅದರ ಮುಂದೆ ಕಡಿಮೆ ಅನ್ನುವ ಪ್ರಮಾಣ ನಮ್ಮ ಮೇಜಿಗೆ ಉಪಯೋಗಕ್ಕೆ ಬರುತ್ತದೆ. ಎರಡೂ ಕಡೆ ಆನೆ ಇಡೋಣ. ಆನೆ ಎದುರಿಗೆ ಬಂದರೆ ಕಾಲಾಳು ನಡುಗುತ್ತದೆ, ಆದರೆ ಈಟಿ ಎಸೆಯುವ ಹಗುರ ಪಡೆ ಒಮ್ಮೆ ಗೆದ್ದರೆ ಆನೆ ಅಲ್ಲೇ ಹೋಯಿತು. 12ರಲ್ಲಿ 4 ತುಕಡಿ ಮೊದಲು ಕಳೆದುಕೊಂಡವರು ಸೋತಂತೆ.

ಬೆಟಗೇರಿ ಬಣ್ಣ

ಒಂದೇ ವಿನಂತಿ. ಮೇಜಿಗೆ ಹಸಿರು ಬಟ್ಟೆ ಹಾಸಬೇಡಿ. ವಿಲಾಯತಿ ಹುಲ್ಲುಗಾವಲು ಆಗಿಬಿಡುತ್ತದೆ. ಸೊರಟೂರಿನ ಕಡೆಯದು ಎರೆ ಭೂಮಿ. ಕಪ್ಪು ಬಟ್ಟೆ ತೊಗೊಂಡು ಅದರ ಮೇಲೆ ಬೂದು, ಕಂದು ಬಣ್ಣವನ್ನು ಸ್ಪಂಜಿನಲ್ಲಿ ಒತ್ತೋಣ. ಬಿಸಿಲಿಗೆ ಬಿರುಕು ಬಿಟ್ಟ ಹಾಗೆ ಗೆರೆ ಎಳೆಯೋಣ. ಜೋಳದ ಹೊಲಕ್ಕೆ ಹಳೆಯ ಕಾಲೊರಸಿನ ನಾರು ಸಾಕು. ದೂರದಲ್ಲಿ ಕಪ್ಪತಗುಡ್ಡದ ಸಾಲನ್ನು ಹಲಗೆಯ ಅಂಚಿಗೆ ಚಿತ್ರ ಬರೆದು ನಿಲ್ಲಿಸುತ್ತೇನೆ, ಅದು ನನ್ನ ಪಾಲಿಗಿರಲಿ. ಮಳೆ ಬಿದ್ದ ಎರೆ ಹೊಲದಲ್ಲಿ ಕುದುರೆ ಓಡುತ್ತದೆಯೇ? ಬೇಕಾದರೆ ಅದಕ್ಕೊಂದು ನಿಯಮ ಮಾಡಿ.

ಗುಳಿಮಣೆ

ಎಲ್ಲರ ಮಾತು ಓದಿದೆ. ನನ್ನದೊಂದು ಬೇಡಿಕೆ. ಬಾಗಿಲ ಹತ್ತಿರದ ಮೊದಲ ಮೇಜು ನಮ್ಮ ಆಟಗಳಿಗೆ ಇರಲಿ: ಅಳಗುಳಿ ಮಣೆ, ಚೌಕಾಬಾರ, ಆಡು-ಹುಲಿ. ಹೊಸಬರು ಒಳಗೆ ಬಂದ ಕೂಡಲೆ ನಿಯಮದ ಪುಸ್ತಕ ಕೈಗೆ ಕೊಟ್ಟರೆ ಹೆದರಿ ಹೋಗುತ್ತಾರೆ. ಚೌಕಾಬಾರಕ್ಕೆ ಯಾರೂ ಹೆದರುವುದಿಲ್ಲ. ಪಂಚಮಿಗೆ ತವರಿಗೆ ಬಂದವರೆಲ್ಲ ಕವಡೆ ಹಿಡಿದವರೇ. ನಮ್ಮ ಅತ್ತೆಯವರನ್ನೂ ಕರೆತರುತ್ತೇನೆ. ಅವರು ಕೂತರೆ ಕಾಲೇಜು ಹುಡುಗರು ಗೆದ್ದು ಏಳುವುದು ಕಷ್ಟ.

ಮತ್ತೆ ಆಡು-ಹುಲಿಯನ್ನು ಮಕ್ಕಳಾಟ ಅಂತ ಬದಿಗೆ ಇಡಬೇಡಿ. ಒಂದು ಕಡೆ 3 ಹುಲಿ, ಇನ್ನೊಂದು ಕಡೆ 15 ಆಡು. ಬಲವೂ ಬೇರೆ, ಗುರಿಯೂ ಬೇರೆ. ಹುಲಿ ಹಾರಿ ತಿನ್ನಬೇಕು, ಆಡುಗಳು ಕೂಡಿ ಹುಲಿಗೆ ದಾರಿ ಇಲ್ಲದ ಹಾಗೆ ಮಾಡಬೇಕು. ಸಣ್ಣ ಪಡೆ ದೊಡ್ಡ ಪಡೆಯ ಎದುರು ಹೇಗೆ ಆಡಬೇಕು ಅನ್ನುವುದು ನೀವು ಹೇಳುವ ಯುದ್ಧದಾಟದ ಮೊದಲ ಪಾಠವೇ ಅಲ್ಲವೇ? ಹಂಪಿಯ ಮಂಟಪಗಳ ಕಲ್ಲುಹಾಸಿನ ಮೇಲೆ ಇಂಥ ಮನೆಗಳನ್ನು ಕೊರೆದದ್ದು ಈಗಲೂ ಇದೆ.

ಸಪ್ತಾಪುರ ದಾಳ

ಅಕ್ಕಾ, ಮೊದಲ ಮೇಜು ನಿಮ್ಮದೇ. ಅತ್ತೆಯವರನ್ನು ತಪ್ಪದೆ ಕರೆತನ್ನಿ.

ಕಿಲ್ಲಾ ಬಾಗಿಲು

ಧಾರವಾಡದ ಮುತ್ತಿಗೆಯ ಬಗ್ಗೆ ಒಂದಿಷ್ಟು ಓದಿಕೊಂಡಿದ್ದೇನೆ, ಹೇಳುತ್ತೇನೆ. ಮೂರನೇ ಮೈಸೂರು ಯುದ್ಧದ ಕಾಲ. 1790ರ ಸೆಪ್ಟೆಂಬರಿನಲ್ಲಿ ಪರಶುರಾಮ ಭಾವೂನ ಮರಾಠಾ ಸೈನ್ಯ ಬಂದು ಸುತ್ತುವರಿಯಿತು. ಜೊತೆಗೆ ಕ್ಯಾಪ್ಟನ್ ಲಿಟಲ್‌ನ ಕೈಕೆಳಗೆ ಕಂಪನಿಯ ತುಕಡಿ. ಒಳಗೆ ಟಿಪ್ಪುವಿನ ಸರದಾರ ಬದ್ರುಜ್ಜಮಾನ್ ಖಾನ್. 1791ರ ಫೆಬ್ರವರಿಯಲ್ಲಿ ಲಗ್ಗೆ ಹಾಕಿದರು, ಆಗಲಿಲ್ಲ. ಆ ಹೊತ್ತಿಗೆ ಕಂಪನಿಯ ತುಕಡಿಯ ಮುಖ್ಯಸ್ಥನಾಗಿ ಬಂದಿದ್ದ ಫ್ರೆಡರಿಕ್ ಮಾರ್ಚಿನಲ್ಲಿ ತೀರಿಕೊಂಡ. ಏಪ್ರಿಲ್ ಮೊದಲ ವಾರ ಖಾನ್ ಕೋಟೆ ಬಿಟ್ಟುಕೊಟ್ಟ. ಆರು ತಿಂಗಳಿಗಿಂತ ಜಾಸ್ತಿ ಹಿಡಿದು ನಿಂತ ಕೋಟೆ ಇದು. ಇವತ್ತು ಉಳಿದಿರುವ ಬಾಗಿಲಿನ ಮುಂದೆ ದಿನಾ ಓಡಾಡುವವರಿಗೆ ಇದು ಗೊತ್ತಿಲ್ಲ ಅಂದರೆ ಹೊಟ್ಟೆ ಉರಿಯುತ್ತದೆ.

ಲಿಟಲ್‌ನ ತುಕಡಿಯಲ್ಲಿದ್ದ ಎಡ್ವರ್ಡ್ ಮೂರ್ ಎಂಬ ಅಧಿಕಾರಿ 1794ರಲ್ಲಿ ಈ ದಂಡಯಾತ್ರೆಯ ಬಗ್ಗೆ ಬರೆದು ಪ್ರಕಟಿಸಿದ. ಮರಾಠಾ ತೋಪುಗಳ ಬಗ್ಗೆ ಅವನು ಹೇಳುವ ಮಾತು ನನಗೆ ಮರೆಯುವುದೇ ಇಲ್ಲ. ತೋಪಿಗೆ ಮದ್ದು ತುಂಬಿ, ಎಲ್ಲರೂ ಕೂತು ಅರ್ಧ ಗಂಟೆ ಹೊಗೆ ಸೇದುತ್ತ ಮಾತಾಡುತ್ತಾರಂತೆ. ಆಮೇಲೆ ಹಾರಿಸುತ್ತಾರೆ. ದೊಡ್ಡ ಧೂಳು ಎದ್ದರೆ ಸಮಾಧಾನ, ಮತ್ತೆ ತುಂಬಿ ಮತ್ತೆ ಮಾತು. ಮಧ್ಯಾಹ್ನ ಒಂದರಿಂದ ಮೂರರವರೆಗೆ ಎರಡೂ ಕಡೆಯವರು ಊಟಕ್ಕೆ ಅಂತ ಗುಂಡು ಹಾರಿಸುವುದೇ ಅಪರೂಪ. ಬರೆದವನು ಕಂಪನಿಯವನು, ಮಿತ್ರರನ್ನು ಹೀಗಳೆಯುವ ಚಟ ಅವನಿಗೆ ಇರಬಹುದು. ಆದರೂ ಆಟಕ್ಕೆ ಇದು ಬಂಗಾರದಂಥ ವಿವರ. ಮುತ್ತಿಗೆ ತೋಪು ಒಮ್ಮೆ ಹಾರಿಸಿದರೆ ಮುಂದಿನ ಮೂರು ಸರದಿ ಸುಮ್ಮನಿರಬೇಕು ಅಂತ ನಿಯಮ ಇಡಿ. ಆ ಹೊತ್ತಿನಲ್ಲಿ ಒಳಗಿನವರು ಗೋಡೆ ರಿಪೇರಿ ಮಾಡಿಕೊಳ್ಳಬಹುದು ಅಥವಾ ಬಾಗಿಲು ತೆಗೆದು ನುಗ್ಗಬಹುದು. ಇಡೀ ಮುತ್ತಿಗೆಯನ್ನು ಒಂದು ಸಂಜೆ ಆಡಲು ಆಗುವುದಿಲ್ಲ. ಒಂದು ರಾತ್ರಿಯ ದಾಳಿ, ಫೆಬ್ರವರಿಯ ಲಗ್ಗೆ, ಹೀಗೆ ತುಂಡು ಮಾಡಿ ಆಡಬೇಕು.

ಹಾವೇರಿ ಏಲಕ್ಕಿ

ಇದನ್ನು ತರಗತಿಯಲ್ಲಿ ಹೇಳುತ್ತೇನೆ ಸರ್, ಧನ್ಯವಾದ.

ಹಾಗಾದರೆ ಕಿತ್ತೂರು? ಮಕ್ಕಳು ಅದನ್ನೇ ಮೊದಲು ಕೇಳುತ್ತಾರೆ.

ಉಣಕಲ್ ಏರಿ

ಕಿತ್ತೂರನ್ನು ಮೇಜಿನ ಮೇಲೆ ತರಬೇಡಿ ಅನ್ನುವುದು ನನ್ನ ಅಭಿಪ್ರಾಯ. ಚೆನ್ನಮ್ಮ ನಮಗೆ ತಾಯಿ ಸಮಾನ. ಇನ್ನೊಂದು ಕಡೆ ಥ್ಯಾಕರೆಯ ಸೈನ್ಯ ಹಿಡಿದು ಒಬ್ಬ ನಮ್ಮವನೇ ಆಡುವುದು, ದಾಳ ಚೆನ್ನಾಗಿ ಬಿದ್ದರೆ ಅವನು ಗೆಲ್ಲುವುದು, ಅದಕ್ಕೆ ಚಪ್ಪಾಳೆ ತಟ್ಟುವುದು. ನನಗೆ ಸರಿ ಕಾಣುವುದಿಲ್ಲ. ಸೊರಟೂರಿಗೆ ಎಂಟುನೂರು ವರ್ಷ ಆಯಿತು, ಅಲ್ಲಿ ಈ ನೋವಿಲ್ಲ.

ಸಪ್ತಾಪುರ ದಾಳ

ನಿಮ್ಮ ಭಾವನೆ ನನಗೆ ಅರ್ಥವಾಗುತ್ತದೆ ಅಣ್ಣಾ. ಅದನ್ನು ತಳ್ಳಿಹಾಕಿ ಆಡಿದರೆ ಕೂಟ ಒಡೆಯುತ್ತದೆ. ಆದರೆ ಕಿತ್ತೂರನ್ನು ಬಿಟ್ಟರೆ ನಮ್ಮ ಮಕ್ಕಳು ಆ ಬೆಳಗಿನ ಧೈರ್ಯವನ್ನು ಭಾಷಣದಲ್ಲಿ ಮಾತ್ರ ಕೇಳುತ್ತಾರೆ. ಅದಕ್ಕೆ ಒಂದು ದಾರಿ ಇದೆ.

1824ರ ಅಕ್ಟೋಬರ್ 23ರಂದು ಕಿತ್ತೂರಿನ ಬಾಗಿಲು ತೆರೆದು ಸೈನ್ಯ ಹೊರಗೆ ನುಗ್ಗಿತು, ಥ್ಯಾಕರೆ ಸತ್ತ, ಕಂಪನಿಯ ಅಧಿಕಾರಿಗಳಾದ ಎಲಿಯಟ್ ಮತ್ತು ಸ್ಟೀವನ್‌ಸನ್ ಸೆರೆಯಾದರು. ಅದೇ 1824ರಲ್ಲಿ ಪ್ರಶ್ಯಾದ ಸೈನ್ಯದಲ್ಲಿ ರೈಸ್ವಿಟ್ಸ್ ಎಂಬ ಅಧಿಕಾರಿಯ ಕ್ರೀಗ್ಸ್‌ಶ್ಪೀಲ್ ಅನ್ನುವ ಯುದ್ಧದಾಟ ಬಳಕೆಗೆ ಬಂತು. ಇಂದಿನ ಇಂಥ ಆಟಗಳಿಗೆಲ್ಲ ಅದೇ ಹಿರಿಯ. ಅದರಲ್ಲಿ ನಡುವೆ ಒಬ್ಬ ತೀರ್ಪುಗಾರ ಇರುತ್ತಾನೆ. ಆಟಗಾರರು ಬರೆದು ಕೊಟ್ಟ ಆಜ್ಞೆಯನ್ನು ಅವನು ನಕ್ಷೆಯ ಮೇಲೆ ನಡೆಸುತ್ತಾನೆ. ಆಟಗಾರರಿಗೆ ಅವರ ಕಣ್ಣಿಗೆ ಕಾಣುವಷ್ಟೇ ಗೊತ್ತು.

ಕಿತ್ತೂರನ್ನು ಹಾಗೆ ಆಡೋಣ. ಆಡುವವರೆಲ್ಲ ಕೋಟೆಯ ಒಳಗಿನವರು. ಒಬ್ಬರು ಬಾಗಿಲ ಕಾವಲು, ಒಬ್ಬರು ಕುದುರೆ ದಂಡು, ಒಬ್ಬರು ಮದ್ದಿನ ಮನೆ. ಕಂಪನಿಯ ಕಡೆಯನ್ನು ತೀರ್ಪುಗಾರ ನಡೆಸಲಿ, ಅದನ್ನು ಯಾರೂ ಗೆಲ್ಲಲಿಕ್ಕೆ ಅಂತ ಆಡುವುದಿಲ್ಲ. ಎಲ್ಲರೂ ಕೂಡಿ ಯಾವಾಗ ಬಾಗಿಲು ತೆರೆಯಬೇಕು ಅಂತ ನಿರ್ಧಾರ ಮಾಡಬೇಕು. ಡಿಸೆಂಬರಿನ ಎರಡನೇ ಮುತ್ತಿಗೆಯನ್ನೂ ಆಡಬೇಕು. ಕಂಪನಿ ಎಷ್ಟು ದೊಡ್ಡ ಸೈನ್ಯ ತಂದ ಮೇಲೆ ಕಿತ್ತೂರು ಬಿತ್ತು ಅಂತ ಆಗ ತಿಳಿಯುತ್ತದೆ.

ಉಣಕಲ್ ಏರಿ

ಹೀಗಾದರೆ ನನ್ನ ಒಪ್ಪಿಗೆ ಇದೆ. ಮದ್ದಿನ ಮನೆ ನನಗೆ ಕೊಡಿ.

ಚಿಗರಿ ಪ್ರಯಾಣಿಕ

ಮಾತು ಬಹಳ ಆಯಿತು, ಈಗ ವ್ಯವಸ್ಥೆ ನೋಡೋಣ. ವಿದ್ಯಾನಗರದಲ್ಲಿ ಪರಿಚಯದವರ ಟ್ಯೂಷನ್ ಹಾಲ್ ಭಾನುವಾರ ಖಾಲಿ ಇರುತ್ತದೆ. ಉದ್ದನೆಯ ಬೆಂಚು ಜೋಡಿಸಿದರೆ ನಾಲ್ಕು ಮೇಜು ಆಗುತ್ತವೆ. ಬಾಡಿಗೆ ಬೇಡ ಅಂದಿದ್ದಾರೆ, ಕಸ ಗುಡಿಸಿ ಕರೆಂಟ್ ಬಿಲ್ಲಿಗೆ ಒಂದಿಷ್ಟು ಕೊಟ್ಟರೆ ಸಾಕಂತೆ. ಮೊದಲ ಕೂಟ ಹುಬ್ಬಳ್ಳಿಯಲ್ಲೇ ಆಗಲಿ. ಗದಗಿನವರಿಗೂ ರೈಲು ಅನುಕೂಲ, ಹಾವೇರಿಯವರಿಗೂ ಅನುಕೂಲ.

ಬೆಳಿಗ್ಗೆ ಹತ್ತಕ್ಕೆ ಶುರು. ಊಟದವರೆಗೆ ಗಂಟೆಯೊಳಗೆ ಮುಗಿಯುವ ಆಟ ಮಾತ್ರ. ನಾಲ್ಕು ತಾಸಿನ ಆಟ ತರುವವರು ದಯವಿಟ್ಟು ಮಧ್ಯಾಹ್ನ ತೆಗೆಯಿರಿ. ಬೆಳಿಗ್ಗೆಯೇ ಅದಕ್ಕೆ ಕೂತರೆ ಹೊಸದಾಗಿ ಬಂದವರು ಗೋಡೆಗೆ ಒರಗಿ ನಿಲ್ಲಬೇಕಾಗುತ್ತದೆ. ಯಾರು ಆಟ ತರುತ್ತಾರೋ ಅವರು ಹಿಂದಿನ ದಿನ ನಿಯಮ ಓದಿಕೊಂಡು ಬರಬೇಕು. ಮೇಜಿನ ಮುಂದೆ ಎಲ್ಲರನ್ನೂ ಕೂರಿಸಿಕೊಂಡು ಪುಟ ತಿರುವುವುದು ಬೇಡ. ಗಿರಮಿಟ್ಟು-ಮಿರ್ಚಿ ಮೇಜಿನ ಹತ್ತಿರ ತರುವ ಹಾಗಿಲ್ಲ. ಎಣ್ಣೆ ಕೈಯಲ್ಲಿ ಕಾರ್ಡು ಮುಟ್ಟಿದರೆ ಆ ಕಾರ್ಡು ಮುಗಿಯಿತು. ಹೊರಗೆ ಕಟ್ಟೆ ಇದೆ, ಅಲ್ಲಿ ತಿನ್ನೋಣ.

ಗುಳಿಮಣೆ

ನಾನು ಮೂರು ಮಣೆ, ಹುಣಸೆ ಬೀಜ, ಕವಡೆ ತರುತ್ತೇನೆ. ಚಹಾ ಥರ್ಮಾಸ್ ಯಾರಾದರೂ ತನ್ನಿ.

ಹಾವೇರಿ ಏಲಕ್ಕಿ

ಒಂಬತ್ತನೇ ತರಗತಿಯ ಕೆಲವು ಮಕ್ಕಳನ್ನು ಅವರ ಪಾಲಕರ ಜೊತೆ ಕರೆತರಬಹುದೇ? ಇಬ್ಬರು ಚೆನ್ನಾಗಿ ಚಿತ್ರ ಬರೆಯುತ್ತಾರೆ. ಕಾಗದದ ಸೈನಿಕರಿಗೆ ಹಾನಗಲ್ಲಿನ ವೀರಗಲ್ಲು ನೋಡಿ ಚಿತ್ರ ಬಿಡಿಸಿ ಕೊಡುತ್ತೇವೆ ಅನ್ನುತ್ತಿದ್ದಾರೆ.

ಬೆಟಗೇರಿ ಬಣ್ಣ

ಖಂಡಿತ ಕರೆತನ್ನಿ ಮೇಡಂ. ಚಿತ್ರವನ್ನು ದೊಡ್ಡದಾಗಿ ಬಿಡಿಸಲಿ, ಪ್ರಿಂಟ್ ಮಾಡುವಾಗ ನಾನು ಸಣ್ಣ ಮಾಡುತ್ತೇನೆ. ಒಬ್ಬ ಸೈನಿಕನಿಗೆ ಮುಂದೆ ಒಂದು, ಹಿಂದೆ ಒಂದು ಚಿತ್ರ ಬೇಕು, ಎರಡರ ಹೊರಗೆರೆ ಒಂದೇ ಇರಬೇಕು. ಇಲ್ಲದಿದ್ದರೆ ಮಡಚಿದಾಗ ಕೂಡುವುದಿಲ್ಲ. ಬಿಲ್ಲುಗಾರ, ಕತ್ತಿ-ಗುರಾಣಿಯವನು, ಕುದುರೆ ಸವಾರ ಮೊದಲು ಬೇಕು. ಆನೆ ನಿಧಾನಕ್ಕೆ ಬಂದರೂ ನಡೆಯುತ್ತದೆ, ಸದ್ಯಕ್ಕೆ ನನ್ನ ಹತ್ತಿರ ಎರಡಿವೆ.

ಸಪ್ತಾಪುರ ದಾಳ

ಒಂದು ಆನೆ ಬಲ್ಲಾಳನಿಗೆ, ಒಂದು ಭಿಲ್ಲಮನಿಗೆ. ಅಳತೆಪಟ್ಟಿ, ದಾಳ, ಕನ್ನಡದಲ್ಲಿ ಬರೆದ ಎರಡು ಪುಟದ ನಿಯಮ ನಾನು ತರುತ್ತೇನೆ. ಬರುವವರು ಶುಕ್ರವಾರದೊಳಗೆ ಇಲ್ಲಿ ಹೆಸರು ಹಾಕಿ, ಎಷ್ಟು ಬೆಂಚು ಬೇಕು ಅಂತ ಹಾಲಿನವರಿಗೆ ಹೇಳಬೇಕು.